ಮರ್ಯಾಮ್ ತಾಯಿಯ ಹುಲ್ಲು

ಸೆದಾಲೆ ಸೋಪಿನ ತುಂಡನ್ನು ಮತ್ತೆ ನೀರಿಗೆ ಅದ್ದಿ, ಅತ್ತೆಯ ಹೊದಿಕೆಯ ಅಂಚಿನ ಹೊಲಿಗೆಯ ಮೇಲೆ ಮೆಲ್ಲಗೆ ಸರಿಸಿದಳು. ಚಿಗಟ ಬರಿಗೈಗೆ ಸಿಗುವುದಿಲ್ಲ. ಒದ್ದೆ ಸೋಪಿಗೆ ಅಂಟಿಕೊಂಡರೆ ಮಾತ್ರ ಹಾರಲಾರದು. ಅಂಗಳಕ್ಕೆ ಬಿಸಿಲು ಬಂದಿತ್ತು, ಆದರೆ ಇಥಿಯೋಪಿಯಾದ ಎತ್ತರದ ಊರು ದೆಬ್ರೆ ಬಿರ್ಹಾನಿನ ಮುಂಜಾವದ ಬಿಸಿಲಿಗೆ ಕಾವಿಲ್ಲ. ಅವಳ ಬೆರಳುಗಳು ಚಳಿಗೆ ಸೆಟೆದುಕೊಂಡಿದ್ದವು. ಹೊದಿಕೆಯನ್ನು ಮಗುಚಿದಳು. ಮಡಿಕೆಯಲ್ಲಿ ಮತ್ತೆರಡು ಕಪ್ಪು ಚುಕ್ಕೆ. ಸೋಪು ಒತ್ತಿ, ಉಗುರಲ್ಲಿ ಹೊಸಕಿ, ಬಟ್ಟಲಿನ ನೀರಿಗೆ ಒರೆಸಿದಳು.

"ಸಿಕ್ವಾ?" ಒಳಗಿನ ಕಟ್ಟೆಯ ಮೇಲಿಂದ ಅತ್ತೆ ಫಾಂತಾಯೆ ಕೇಳಿದಳು.

"ಸಿಗ್ತಾ ಇವೆ ಅತ್ತೆ."

"ಸಿಗದೆ ಏನು. ಸಾಕಿದವಳು ನೀನೇ ಅಲ್ವಾ, ಕರೆದ್ರೆ ಬರ್ತವೆ."

ಸೆದಾಲೆ ಹೊದಿಕೆಯ ಮತ್ತೊಂದು ಅಂಚಿಗೆ ಸೋಪು ಒತ್ತಿದಳು. ಅವಳ ಬೂದು ಬೆಕ್ಕು ಶುರುಬ ಪಕ್ಕದ ಕಲ್ಲಿನ ಮೇಲೆ ಕೂತು ಮುಖ ತೊಳೆದುಕೊಳ್ಳುತ್ತಿತ್ತು. ಬೆನ್ನ ಮೇಲೆ ಹೆಣೆದ ಜಡೆಯಂಥ ಪಟ್ಟೆಗಳಿದ್ದುದರಿಂದ ಆ ಹೆಸರು. ತವರಿನಲ್ಲಿ ಅವ್ವ ಸತ್ತ ವರ್ಷ ಅಲ್ಲಿಂದ ತಂದ ಮರಿ ಅದು. ಅವ್ವನ ಮನೆಯಿಂದ ಬೇರೇನೂ ಅವಳ ಪಾಲಿಗೆ ಬಂದಿರಲಿಲ್ಲ.

ಮನೆಯಲ್ಲಿ ಪ್ರಾಣಿಗಳಿಗೇನೂ ಕೊರತೆ ಇರಲಿಲ್ಲ. ಬಾಗಿಲಲ್ಲಿ ಮುದಿ ನಾಯಿ ಅಂಬೆಸ. ಮಗಳು ರಾಹೆಲ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ ಕುರಿಮರಿ ಮಾರ್. ಲಾಯದಲ್ಲಿ ಗಂಡ ಶೆವಾರೆಗನ ಗಾಡಿಯ ಕುದುರೆ. ಈ ಎಲ್ಲದರ ಮೇಲೆ, ಬೈರೂತಿನಲ್ಲಿ ಮನೆಗೆಲಸ ಮುಗಿಸಿ ಬಂದ ನಾದಿನಿ ಬಿಜುನೆಶ್, ಆಡಿಸ್ ಅಬಾಬಾದಲ್ಲಿ ಯಾರೋ ಸಿರಿವಂತೆಯಿಂದ ಪಡೆದು ತಂದ ಬಿಳಿಯ ಗುಂಗುರು ಕೂದಲಿನ ಪುಟ್ಟ ನಾಯಿ ಲೂಲು. ನಾಯಿಯನ್ನು ಹೊಸಿಲು ದಾಟಿಸುವ ಮನೆ ಆ ಕೇರಿಯಲ್ಲಿ ಬೇರೊಂದಿರಲಿಲ್ಲ. ಆದರೆ ಲೂಲುವಿಗೆ ಪ್ರತ್ಯೇಕ ಶಾಂಪೂ ಇತ್ತು, ಬಾಚಣಿಗೆ ಇತ್ತು. ಶಾಂಪೂ ಹಾಕಿಸಿಕೊಳ್ಳುವ ನಾಯಿಯ ಮೈಮೇಲೆ ಚಿಗಟ ಇರಬಹುದು ಎಂದು ಯಾರಿಗೂ ಅನ್ನಿಸಲಿಲ್ಲ.

"ಅತ್ತಿಗೆ, ನಿನ್ನ ಬೆಕ್ಕು ನಿನ್ನ ಹಾಸಿಗೇಲೇ ಮಲಗುತ್ತಲ್ವಾ?" ಬಿಜು ಬಾಗಿಲಿಗೆ ಬಂದಳು. ಕಣಕಾಲಿನ ಮೇಲೆ ಸಾಲು ಸಾಲು ಕೆಂಪು ಗಂಧೆಗಳು. "ನೋಡು. ಬೈರೂತಲ್ಲಿ ಆರು ವರ್ಷ ಇದ್ದೆ, ಒಂದು ಸೊಳ್ಳೆ ಕಚ್ಚಿರಲಿಲ್ಲ."

"ಲೂಲು ಎಲ್ಲಿ ಮಲಗ್ತಾಳೆ?"

"ಲೂಲು ವಿಷಯ ಯಾಕೆ ಈಗ? ಅವಳು ದಿನಾ ಸ್ನಾನ ಮಾಡ್ತಾಳೆ. ಈ ಮನೇಲಿ ಎಷ್ಟು ಜನ ದಿನಾ ಸ್ನಾನ ಮಾಡ್ತಾರೆ ಹೇಳು."

ಒಳಗೆ ಫಾಂತಾಯೆ ನಕ್ಕಳು. ನಗು ಮುಗಿದ ಮೇಲೆ, "ಮರ್ಯಾಮ್ ಸಂಘ ಈ ಸಲದ ಉಪವಾಸದಲ್ಲಿ ನಮ್ಮ ಮನೆಗೆ ಬರುತ್ತೆ, ಗೊತ್ತಲ್ಲ?" ಎಂದಳು. "ಪಾದ್ರಿ ಅಬ್ಬಾ ಬರ್ತಾರೆ, ಹೆಂಗಸರೆಲ್ಲ ಬರ್ತಾರೆ. ಅವರು ಕೂತು ಕೆರ್ಕೊಳ್ಳೋ ಹಾಗಾದ್ರೆ ನಾನು ಈ ಊರಲ್ಲಿ ಮುಖ ಎತ್ತೋದು ಹೇಗೆ? ಆ ಬೆಕ್ಕಿನ ವಿಷಯ ಏನಾದ್ರೂ ಒಂದು ಮಾಡ್ಬೇಕು."

ಸಂಘದ ಹೆಂಗಸರು ತಿಂಗಳಿಗೊಂದು ಮನೆಯಂತೆ, ಯೇಸುವಿನ ಹೆತ್ತವ್ವ ಮರ್ಯಾಮ್ ತಾಯಿಯ ದಿನ ಸೇರುತ್ತಾರೆ. ಮನೆ ಫಾಂತಾಯೆಯದಾದರೂ ಸಂಘದಲ್ಲಿ ಈಗ ಹೆಸರು ಇರುವುದು ಸೆದಾಲೆಯದು. ರೊಟ್ಟಿ ಅವಳು ಸುಡಬೇಕು, ಮನೆಯ ಬಿಯರ್ ಟೆಲ್ಲವನ್ನು ಅವಳು ಹುಳಿಗೆ ಹಾಕಬೇಕು, ಹೆಸರು ಕೆಟ್ಟರೆ ಅವಳದೇ ಕೆಡಬೇಕು.

"ನಾನೇ ನೋಡ್ಕೋತೀನಿ ಅತ್ತೆ. ಅದಕ್ಕೂ ಚಿಗಟದ ಪುಡಿ ಹಾಕ್ತೀನಿ," ಎಂದಳು.

ಪುಡಿ ಹಾಕಿದಳು. ನೀಲಗಿರಿ ಎಲೆ ಕುದಿಸಿ ನೆಲಕ್ಕೆ ಸುರಿದಳು. ಹಾಸಿಗೆಗಳನ್ನು ಬೇಲಿಗೆ ಹರವಿ ಕೋಲಿನಿಂದ ಬಡಿದಳು. ಅಂಬೆಸನಿಗೂ ಕುರಿಮರಿಗೂ ಬೂದಿ ತಿಕ್ಕಿದಳು. ಶುರುಬಳಿಗೆ ಪುಡಿ ಹಚ್ಚುವಾಗ ಮೊಣಕೈವರೆಗೆ ಪರಚಿಸಿಕೊಂಡಳು. ಒಂದು ವಾರ ಕಡಿಮೆಯಾದಂತೆ ಕಂಡಿತು, ಮತ್ತೆ ಬಂದವು.

ಉಪವಾಸದ ಕಾಲ ಶುರುವಾಗುವ ಮುಂಚಿನ ಶನಿವಾರ ಸೆದಾಲೆ ಇಂಜೆರಾಕ್ಕೆ ಬೇಕಾದ ಟೆಫ್ ಧಾನ್ಯ ಬೀಸಿಸಲು ಗಿರಣಿಗೆ ಹೋದಳು. ಸರತಿ ಉದ್ದವಿತ್ತು. ಮನೆಗೆ ಬಂದಾಗ ಅಂಗಳದಲ್ಲಿ ಗಾಡಿ ನಿಂತಿತ್ತು. ಶೆವಾರೆಗ ಕುದುರೆಯ ಬೆನ್ನು ಉಜ್ಜುತ್ತಿದ್ದ. ಅವನು ಅವಳ ಕಡೆ ನೋಡದೆ ಹೇಳಿದ, "ಸೀಟಿನ ಚೀಲ ಬರಿದಾಗಿದೆ. ಹುಲ್ಲು ತುಂಬಿ ಹೊಲಿದುಕೊಡು."

ಗಾಡಿಯ ಹಲಗೆಯ ಮೇಲೆ ಅವನು ಹುಲ್ಲು ತುಂಬಿದ ಗೋಣಿಚೀಲ ಹಾಕಿಕೊಂಡು ಕೂರುತ್ತಾನೆ. ಅದಕ್ಕೆ ಹುಲ್ಲು ತುಂಬಿಸಿ ಹತ್ತು ದಿನವೂ ಆಗಿರಲಿಲ್ಲ.

"ಈಗ ತಾನೆ ತುಂಬಿದ್ದೆ. ಎಲ್ಲಿ ಹೋಯ್ತು ಹುಲ್ಲು?"

"ಕುದುರೆಗೆ ಹಾಕ್ದೆ."

ಅವಳು ಚೀಲವನ್ನು ಒಳಹೊರಗು ಮಾಡಿ ಕೊಡವಿದಳು. ನೂಲಿನ ಸಂದಿಯಲ್ಲಿ ಬೂದು ಕೂದಲು. ಗೋಣಿಯ ಒಂದು ಮೂಲೆಯಲ್ಲಿ ಉಗುರಿನಿಂದ ಕಿತ್ತ ಎಳೆಗಳು.

ರಾತ್ರಿ ಊಟಕ್ಕೆ ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂತರು. ದೋಸೆಯಂಥ ಇಂಜೆರಾದ ಮೇಲೆ ಕಡಲೆಹಿಟ್ಟಿನ ಗೊಜ್ಜು ಶಿರೊ, ಎಲೆಕೋಸಿನ ಪಲ್ಯ. ಸೆದಾಲೆಯ ಕೈ ತಟ್ಟೆಗೆ ಬರಲಿಲ್ಲ.

"ಎಲ್ಲಿ ಬಿಟ್ಟೆ?" ಎಂದು ಕೇಳಿದಳು.

ಶೆವಾರೆಗ ಇಂಜೆರಾ ಹರಿಯುತ್ತ ಅಮ್ಮನ ಕಡೆ ನೋಡಿದ.

"ಧಾನ್ಯದ ಸಂತೆಯ ಹಿಂದೆ," ಎಂದಳು ಫಾಂತಾಯೆ. "ಅಲ್ಲಿ ಇಲಿ ಬೇಕಾದಷ್ಟಿವೆ. ನಿನ್ನ ಹತ್ತಿರ ಇದ್ದದ್ದಕ್ಕಿಂತ ಚೆನ್ನಾಗಿ ತಿಂದುಕೊಂಡಿರುತ್ತೆ."

"ಅಜ್ಜಿ, ಅದು ಅಮ್ಮಂದು," ಎಂದಳು ರಾಹೆಲ.

"ಈ ಮನೇಲಿ ಅಮ್ಮಂದು ಅಜ್ಜಿದು ಅಂತ ಬೇರೆ ಬೇರೆ ಇದೆಯೇನೇ? ಸುಮ್ನೆ ತಿನ್ನು."

"ಹಾಗಾದ್ರೆ ಲೂಲು?"

"ಏಯ್," ಎಂದಳು ಬಿಜು.

ಸೆದಾಲೆ ಗಂಡನನ್ನೇ ನೋಡುತ್ತಿದ್ದಳು. "ನಾನು ಬರೋವರೆಗಾದ್ರೂ ಕಾಯಬಹುದಿತ್ತು."

"ಹೇಳಿದ್ರು, ಮಾಡ್ದೆ," ಎಂದ ಶೆವಾರೆಗ. "ಒಂದು ಬೆಕ್ಕು ಕಣೆ. ಅದಕ್ಕೆ ಇಷ್ಟು ಮುಖ ಊದಿಸ್ಕೊಳ್ಳೋದು ಯಾಕೆ?"

ಮರುದಿನ ಅವಳು ಧಾನ್ಯದ ಸಂತೆಗೆ ಹೋಗಿ ಅಂಗಡಿಗಳ ಹಿಂದೆಲ್ಲ ಹೆಸರು ಹಿಡಿದು ಕೂಗಿದಳು. ಮೂಟೆ ಹೊರುವ ಗಂಡಸರು ನಕ್ಕರು. ಮಧ್ಯಾಹ್ನ ಬಂದು ಚೀಲಕ್ಕೆ ಹುಲ್ಲು ತುಂಬಿ ಹೊಲಿದುಕೊಟ್ಟಳು.

ಬೆಕ್ಕು ಹೋದರೂ ಚಿಗಟ ಹೋಗಲಿಲ್ಲ. ಅದು ಬಿಟ್ಟುಹೋದ ಮೊಟ್ಟೆಗಳು ಎಂದರು. ನೆರೆಮನೆಯ ತೆವಾಬೆ ಕಾಫಿಗೆ ಬಂದವಳು ಎಂದಿನಂತೆ ಕೂರದೆ ಸೆರಗನ್ನು ಮೇಲಕ್ಕೆತ್ತಿ ಹಿಡಿದು ಸ್ಟೂಲಿನ ತುದಿಯಲ್ಲಿ ಕೂತಳು.

"ತಪ್ಪು ತಿಳೀಬೇಡ ಸೆದಾಲೆ," ಎಂದಳು. "ಬಿಜು ಬಾವಿ ಹತ್ರ ಹೇಳ್ತಿದ್ದಳು, ನಿನಗೆ ಬೆಕ್ಕನ್ನ ಹೊದಿಕೆ ಒಳಗೇ ಮಲಗಿಸಿಕೊಳ್ಳೋ ಅಭ್ಯಾಸ ಅಂತೆ. ನಿನ್ನ ತವರಲ್ಲೆಲ್ಲ ಹಾಗೇನಾ?"

"ಎಲ್ಲರ ಮುಂದೆ ಹೇಳಿದ್ಲಾ?"

"ಬಾವಿ ಹತ್ರ ಅಂದ್ರೆ ಎಲ್ಲರೂ ಇರ್ತಾರಲ್ಲ. ಸಂಘ ಈ ಸಲ ನಿಮ್ಮಲ್ಲಿ ಬೇಡ, ಬೇರೆ ಕಡೆ ಮಾಡಿದರೆ ಹೇಗೆ ಅಂತ ಒಬ್ಬಿಬ್ಬರು ಅಂದರು. ನಾನೇ ಬಿಡಿ ಪಾಪ ಅಂದೆ."

ಸೆದಾಲೆಯ ಕೈಯಿಂದ ಕಾಫಿಯ ಬಟ್ಟಲು ಜಾರಿತು. ಹಿಡಿಯಿಲ್ಲದ ಆ ಪುಟ್ಟ ಬಟ್ಟಲು ಒಡೆಯದೆ, ನೆಲಕ್ಕೆ ಹರಡಿದ್ದ ಹಸಿ ಹುಲ್ಲಿನ ಮೇಲೆ ಉರುಳಿ ಕಟ್ಟೆಯ ಅಡಿಗೆ ಹೋಯಿತು. ತೆವಾಬೆ ಹೋದ ಮೇಲೆ ಸೆದಾಲೆ ಮೊಣಕಾಲೂರಿ ಅದನ್ನು ಹುಡುಕಿದಳು.

ಗೋಡೆಗೆ ಸೇರಿಸಿ ಕಟ್ಟಿದ ಆ ಮಣ್ಣಿನ ಕಟ್ಟೆ ಅತ್ತೆಯ ಸ್ಥಳ. ಹಗಲು ಅಲ್ಲಿ ಕೂರುತ್ತಾಳೆ, ರಾತ್ರಿ ಅಲ್ಲೇ ಮಲಗುತ್ತಾಳೆ. ಬೈರೂತಿನಿಂದ ಬಂದ ಮೇಲೆ ಬಿಜು ಕೂಡ ಅಮ್ಮನ ಪಕ್ಕದಲ್ಲೇ. ಮೇಲೆ ಕುರಿಚರ್ಮ, ಅಡಿಯಲ್ಲಿ ಹಿಂದೆ ಕೋಳಿ ಕೂಡುತ್ತಿದ್ದ ಗೂಡು. ಕಾಫಿ ಕಾಯಿಸುವಾಗ, ಹಬ್ಬಗಳಲ್ಲಿ, ಮರ್ಯಾಮ್ ತಾಯಿಯ ದಿನ ಎಲ್ಲರ ಮನೆಯಲ್ಲೂ ನೆಲಕ್ಕೆ ಹಸಿರು ಹುಲ್ಲು ಹರಡುತ್ತಾರೆ, ಮರುದಿನ ಗುಡಿಸಿ ದನಕ್ಕೋ ಕುದುರೆಗೋ ಹಾಕುತ್ತಾರೆ. ಫಾಂತಾಯೆಯ ಕಟ್ಟಳೆಯೇ ಬೇರೆ. ಮರ್ಯಾಮ್ ತಾಯಿಯ ದಿನದ ಹುಲ್ಲನ್ನು ಪ್ರಾಣಿಯ ಬಾಯಿಗೆ ಕೊಡಬಾರದು, ತಿಪ್ಪೆಗೂ ಎಸೆಯಬಾರದು. ಕಟ್ಟೆಯ ಗೂಡಿಗೆ ತಳ್ಳಬೇಕು, ಸ್ವಲ್ಪ ಕುರಿಚರ್ಮದ ಕೆಳಗೆ ಹಾಸಬೇಕು. ಆಶೀರ್ವಾದದ ಮೇಲೆ ಮಲಗಿದಂತೆ ಎಂದು ಅವಳ ನಂಬಿಕೆ. ಮದುವೆಯಾಗಿ ಬಂದ ದಿನದಿಂದ ಸೆದಾಲೆ ತಿಂಗಳು ತಿಂಗಳೂ ತಳ್ಳಿದ್ದಾಳೆ. ಒಳಗೇನಾಗಿದೆ ಎಂದು ಎಂದೂ ಬಗ್ಗಿ ನೋಡಿರಲಿಲ್ಲ.

ಭುಜದವರೆಗೆ ಕೈ ಹಾಕಿದಳು. ಹುಲ್ಲು ಬೆಚ್ಚಗಿತ್ತು. ನಡುವೆ ನಾಯಿಯೊಂದು ಸುತ್ತಿಕೊಂಡು ಮಲಗುವಷ್ಟು ಗುಂಡನೆಯ ತಗ್ಗು, ಅದರ ತುಂಬ ಬಿಳಿ ಗುಂಗುರು ಕೂದಲು. ಕೈ ಹೊರಗೆಳೆದಾಗ ಮೊಣಕೈ ಕೆಳಗೆಲ್ಲ ಮೆಣಸು ಎರಚಿದ ಹಾಗೆ ಕಪ್ಪಾಗಿತ್ತು. ನೋಡುನೋಡುತ್ತಲೇ ಮೆಣಸು ಹಾರತೊಡಗಿತು.

ತೋಳನ್ನು ಬಕೆಟ್ಟಿನಲ್ಲಿ ಮುಳುಗಿಸಿ ಬಹಳ ಹೊತ್ತು ಕೂತಳು. ಆಮೇಲೆ ಎದ್ದು, ಆ ದಿನ ಕಾಫಿಗೆಂದು ಹರಡಿದ ಹುಲ್ಲನ್ನೂ ಒತ್ತಟ್ಟಿಗೆ ಗುಡಿಸಿ, ಗೂಡಿನೊಳಕ್ಕೆ ತಳ್ಳಿದಳು.

ರಾಹೆಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಮ್ಮ, ನಿನ್ನ ಕೈ ನೋಡಿದೆ ನಾನು."

"ಏನು ನೋಡಿದೆ?"

"ಅಲ್ಲಿಂದಾನೇ ಬರ್ತಿರೋದು. ತೆಗೆದು ಸುಟ್ಟುಬಿಡೋಣ."

"ನಿಮ್ಮಜ್ಜೀನ ಕೇಳು."

"ಅವರು ಒಪ್ಪಲ್ಲ ಅಂತ ನಿನಗೇ ಗೊತ್ತು."

"ಗೊತ್ತು. ಅದಕ್ಕೇ ಮುಟ್ಟಲ್ಲ. ಅವರು ಹೇಳಿದ ಹಾಗೆ ಮಾಡ್ತೀನಿ. ಸೊಸೆ ಮಾತು ಕೇಳಲ್ಲ ಅಂತ ಯಾರೂ ಅನ್ನಬಾರದು."

ಅಂದಿನಿಂದ ಸೆದಾಲೆಯಷ್ಟು ಮಾತು ಕೇಳುವ ಸೊಸೆ ಆ ಕೇರಿಯಲ್ಲೇ ಇರಲಿಲ್ಲ. ತನ್ನ ಕೋಣೆಯ ನೆಲಕ್ಕೆ ಸಗಣಿ ಸಾರಿಸಿದಳು, ಗೋಡೆಯ ಬಿರುಕುಗಳಿಗೆ ಮಣ್ಣು ಮೆತ್ತಿದಳು, ಹೊದಿಕೆಗಳನ್ನು ಕುದಿಸಿದಳು. ರಾಹೆಲಳ ಹಾಸಿಗೆಯನ್ನು ತನ್ನ ಕೋಣೆಗೇ ತಂದುಕೊಂಡಳು. ಅಲ್ಲಿ ಕಚ್ಚುವುದು ನಿಂತಿತು. ಕಟ್ಟೆಯ ಹತ್ತಿರ ಪೊರಕೆ ಬಂದಾಗ ಮಾತ್ರ ನಿಂತು, "ಅತ್ತೆ, ಈ ಗೂಡು ಗುಡಿಸಲಾ?" ಎಂದು ಕೇಳುತ್ತಿದ್ದಳು.

"ಮುಟ್ಟಬೇಡ. ಅದು ತಾಯಿಯ ಹುಲ್ಲು."

"ಸರಿ ಅತ್ತೆ."

ಮೊದಲು ಕೆರಳಿದ್ದು ಬಿಜು. ಕುತ್ತಿಗೆ, ಸೊಂಟ, ಕಂಕುಳು ಎಲ್ಲ ಗಂಧೆ ಎದ್ದಿತ್ತು. ಅವಳನ್ನು ನೋಡಲು ಬರಬೇಕಿದ್ದ ಗಂಡಿನ ಕಡೆಯವರಿಗೆ ಮುಂದಿನ ತಿಂಗಳು ಬನ್ನಿ ಎಂದು ಹೇಳಿಕಳಿಸಬೇಕಾಯಿತು.

"ಅಮ್ಮ, ನೀನು ಆ ಕುರಿಚರ್ಮ ಬಿಸಿಲಿಗಾದ್ರೂ ಹಾಕು," ಎಂದು ಕಿರುಚಿದಳು.

"ನನ್ನ ಚರ್ಮಕ್ಕೆ ಏನಾಗಿದೆ? ಮೂವತ್ತು ವರ್ಷ ಮಲಗಿದೀನಿ. ನೀನು ಬಂದ ಮೇಲೆ, ನಿನ್ನ ಆ ಬಿಳೀದು ಬಂದ ಮೇಲೆ ಶುರುವಾಗಿದ್ದು ಇದು."

"ಈಗ ಲೂಲು ತಪ್ಪಾ? ಬೆಕ್ಕಿನದು ಅಂತ ನೀನೇ ಅಂದೆ."

"ಬೆಕ್ಕು ಹೋಗಿ ತಿಂಗಳಾಯ್ತು. ಬೆಕ್ಕು ಕನಸಲ್ಲಿ ಬಂದು ಬಿಟ್ಟುಹೋಗುತ್ತಾ ಚಿಗಟಾನ?" ಫಾಂತಾಯೆ ತೋಳು ಕೆರೆದುಕೊಂಡಳು. "ಅಬ್ಬಾ ಬರೋ ಮನೇಲಿ ನಾಯಿ ಒಳಗಿರೋದೇ ತಪ್ಪು. ಶೆವಾರೆಗ, ನಾಳೆ ಇದನ್ನೂ ಬಿಟ್ಟು ಬಾ."

ಬಿಜು ಅತ್ತಳು, ಅಣ್ಣನ ಕೈ ಹಿಡಿದಳು, ಊಟ ಬಿಟ್ಟಳು. ಕೊನೆಗೆ ಒಲೆಯ ಮುಂದೆ ಇದ್ದ ಸೆದಾಲೆಯ ಪಕ್ಕ ಬಂದು ಕುಕ್ಕರಿಸಿದಳು.

"ಅತ್ತಿಗೆ, ನೀನೊಂದು ಮಾತು ಹೇಳು. ನೀನು ಹೇಳಿದ್ರೆ ಅಣ್ಣ ಕೇಳ್ತಾನೆ."

"ಕೇಳಿದ್ದು ಯಾವತ್ತು ನೋಡಿದೀಯ?"

"ಲೂಲುದಲ್ಲ ತಪ್ಪು. ಅವಳು ಹೊರಗೆ ಬದುಕಲ್ಲ."

"ಧಾನ್ಯದ ಸಂತೇಲಿ ಇಲಿ ಬೇಕಾದಷ್ಟಿವೆ," ಎಂದಳು ಸೆದಾಲೆ, ಇಂಜೆರಾ ಎಬ್ಬಿಸುತ್ತ.

ರಾಹೆಲ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಬಿಜು ಎದ್ದುಹೋದ ಮೇಲೆ, "ನೀನು ಒಂದು ಮಾತು ಹೇಳಿದ್ರೆ ಸಾಕಾಗಿತ್ತು," ಎಂದಳು.

"ನನ್ನ ಬೆಕ್ಕಿಗೆ ಯಾರು ಹೇಳಿದ್ರು?"

"ಲೂಲು ಹೇಳಬೇಕಿತ್ತಾ?"

ಸೆದಾಲೆ ಮಗಳಿಗೆ ಇಂಜೆರಾ ಚಾಚಿದಳು. ರಾಹೆಲ ತೆಗೆದುಕೊಳ್ಳದೆ ಕುರಿಮರಿಯನ್ನೆತ್ತಿಕೊಂಡು ಹೊರಗೆ ಹೋದಳು.

ಮರುದಿನ ಶೆವಾರೆಗ ಸೀಟಿನ ಚೀಲದ ಹೊಲಿಗೆ ಬಿಚ್ಚಿ ಹುಲ್ಲು ಸುರಿದ. ಲೂಲು ಆಟ ಎಂದುಕೊಂಡು ತಾನೇ ಚೀಲದೊಳಗೆ ತಲೆ ತೂರಿಸಿತು. ಸೆದಾಲೆ ಅಂಗಳದಲ್ಲಿ ಬೇಳೆ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. ಬಿಜುವಿನ ಅಳು ಕೇಳಿದಾಗ ಸಮಾಧಾನವಾಗುತ್ತದೆ ಎಂದುಕೊಂಡಿದ್ದಳು. ಆಯಿತು, ಸ್ವಲ್ಪ. ಸಾಕಾಗಲಿಲ್ಲ. ಸಂಜೆ ಚೀಲ ಮತ್ತೆ ಅವಳ ಮುಂದೆ ಬಿತ್ತು.

"ತುಂಬಿಕೊಡು."

ತುಂಬಿಕೊಟ್ಟಳು.

ಮರ್ಯಾಮ್ ತಾಯಿಯ ದಿನ ಬಂತು. ಸಂಘ ಬೇರೆ ಕಡೆ ಹೋಗಲಿಲ್ಲ. ನಾಯಿ ಬೆಕ್ಕು ಎರಡೂ ಮನೆಯಲ್ಲಿಲ್ಲ ಎಂದು ಫಾಂತಾಯೆಯೇ ಮನೆಮನೆಗೆ ಹೋಗಿ ಹೇಳಿ ಬಂದಿದ್ದಳು. ಸೆದಾಲೆ ದೊಡ್ಡ ರೊಟ್ಟಿ ಸುಟ್ಟಿದ್ದಳು. ಮಾಂಸ, ಹಾಲು ಇಲ್ಲದ ಉಪವಾಸದ ಅಡುಗೆ: ಎರಡು ಬಗೆ ಬೇಳೆ, ಬೀಟ್‌ರೂಟು, ಆಲೂಗಡ್ಡೆ. ನೆಲಕ್ಕೆ ಹಸಿರು ಹುಲ್ಲು ದಟ್ಟವಾಗಿ ಹರಡಿ, ಧೂಪ ಹಾಕಿದ್ದಳು. ಹೆಂಗಸರು ಬಿಳಿಯ ಸೆರಗು ಹೊದ್ದು ಬಂದರು. ತೆವಾಬೆ ಕೂರುವ ಮುನ್ನ ಸ್ಟೂಲಿನ ಅಡಿ ನೋಡಿದಳು. ನೋಡಿದ್ದನ್ನು ಎಲ್ಲರೂ ನೋಡಿದರು.

ಪಾದ್ರಿ ಅಬ್ಬಾ ಗೆಬ್ರು ಶಿಲುಬೆ ಹಿಡಿದು ಒಳಗೆ ಬಂದಾಗ ಸೆದಾಲೆ ಕುರ್ಚಿ ಮುಂದಿಟ್ಟಳು. "ಅಬ್ಬಾ, ಇಲ್ಲಿ ಕೂತ್ಕೊಳ್ಳಿ."

"ಅಬ್ಬಾರಿಗೆ ಕುರ್ಚಿಯೇನೇ?" ಫಾಂತಾಯೆ ಸೊಸೆಯನ್ನು ಬದಿಗೆ ಸರಿಸಿದಳು. "ಕಟ್ಟೆ ಇಲ್ವಾ? ನನ್ನ ಗಂಡ ಇದ್ದಾಗಿಂದ ಅಬ್ಬಾ ಕೂರೋದು ಅಲ್ಲೇ. ಬನ್ನಿ ಅಬ್ಬಾ, ಮೇಲೆ ಬನ್ನಿ."

"ಕುರ್ಚಿ ಮೇಲಾದ್ರೆ—" ಎಂದಳು ಸೆದಾಲೆ, ಎಲ್ಲರಿಗೂ ಕೇಳುವಂತೆ.

"ಸುಮ್ನಿರು ನೀನು."

ಅಬ್ಬಾ ಕಟ್ಟೆಯ ಮೇಲೆ ಕುರಿಚರ್ಮದಲ್ಲಿ ಕಾಲು ಮಡಚಿ ಕೂತರು. ಪ್ರಾರ್ಥನೆ ಆರಂಭವಾಯಿತು. ರೊಟ್ಟಿಯ ಮೇಲೆ ಶಿಲುಬೆ ಎಳೆಯುವಾಗ ಅವರ ಎಡಗೈ ನಿಲುವಂಗಿಯ ಒಳಗೆ ಹೋಯಿತು. ಮತ್ತೊಮ್ಮೆ ಹೋಯಿತು. ಮೂರನೆಯ ಸಲ ಪ್ರಾರ್ಥನೆಯ ಒಂದು ಪದ ಅರ್ಧಕ್ಕೆ ನಿಂತಿತು. ಹೆಂಗಸರು ತಲೆ ಬಗ್ಗಿಸಿಕೊಂಡೇ ಇದ್ದರು, ಕಣ್ಣು ಮಾತ್ರ ಮೇಲೆ. "ಆಮೆನ್" ಆದ ಕೂಡಲೆ ಅಬ್ಬಾ ಎದ್ದು ನಿಂತು, ಕುರಿಚರ್ಮದ ಒಂದು ಮೂಲೆ ಹಿಡಿದು ಎತ್ತಿದರು.

ಒಣ ಹುಲ್ಲು ಜೀವ ಬಂದಂತೆ ಅಲುಗಿತು. ಮುಂದಿನ ಸಾಲಿನಲ್ಲಿದ್ದ ತೆವಾಬೆ ಹಿಂದಕ್ಕೆ ಸರಿದಳು, ಹಿಂದಿನವರು ಇನ್ನೂ ಹಿಂದಕ್ಕೆ.

"ಇದೇನು ತಾಯಿ?" ಅಬ್ಬಾ ಕೇಳಿದರು.

"ಮರ್ಯಾಮ್ ತಾಯಿಯ ಹುಲ್ಲು, ಅಬ್ಬಾ. ತಿಪ್ಪೆಗೆ ಹಾಕೋಕೆ ಮನಸ್ಸು ಬರಲ್ಲ."

"ಎಷ್ಟು ತಿಂಗಳದು?"

ಫಾಂತಾಯೆ ಸೊಸೆಯ ಕಡೆ ನೋಡಿದಳು. ಸೆದಾಲೆ ಕೈಕಟ್ಟಿ ನಿಂತಿದ್ದಳು.

"ಹುಲ್ಲು ಆ ದಿನಕ್ಕೆ ಮಾತ್ರ," ಎಂದರು ಅಬ್ಬಾ, ಕಣಕಾಲು ಕೆರೆಯುತ್ತ. "ತಾಯಿ ಬಂದು ಹೋದ ಮೇಲೆ ಅದು ಕುದುರೆಗೆ. ಇದನ್ನ ಇನ್ನು ಕುದುರೆಯೂ ತಿನ್ನಲ್ಲ. ಇವತ್ತೇ ಸುಡಿ." ಅವರು ಕುರ್ಚಿಗೆ ಹೋಗಿ ಕೂತರು. "ಈ ಮಗಳು ಮೊದಲೇ ಹೇಳಿದಳು, ನಾನೇ ಕೇಳಲಿಲ್ಲ."

ಟೆಲ್ಲ ಹಂಚುವಾಗ ತೆವಾಬೆ ಪಕ್ಕದವಳಿಗೆ ಪಿಸುಗುಟ್ಟಿದ್ದು ಕೋಣೆಗೆಲ್ಲ ಕೇಳಿತು: "ಹಾಗಾದ್ರೆ ಬೆಕ್ಕಿನದಲ್ಲ." ಸೆದಾಲೆ ಅವಳ ಲೋಟವನ್ನು ಅಂಚಿನವರೆಗೆ ತುಂಬಿದಳು.

ಸಂಘ ಚದುರಿದ ಮೇಲೆ ಫಾಂತಾಯೆ ಖಾಲಿ ಕಟ್ಟೆಯ ಎದುರು, ಅಬ್ಬಾ ಬಿಟ್ಟುಹೋದ ಕುರ್ಚಿಯಲ್ಲಿ ಕೂತಳು. "ನಿನಗೆ ಗೊತ್ತಿತ್ತು," ಎಂದಳು.

"ಗುಡಿಸಲಾ ಅಂತ ಕೇಳ್ತಾನೇ ಇದ್ದೆ ಅತ್ತೆ."

ಮುದುಕಿ ಬೆನ್ನು ತಿರುಗಿಸಿ, "ಇಲ್ಲಿ ಸ್ವಲ್ಪ ಕೆರಿ. ನನ್ನ ಕೈ ನಿಲುಕಲ್ಲ," ಎಂದಳು. ಸೆದಾಲೆ ಕೆರೆದಳು. ಬೆನ್ನ ಮೂಳೆಗಳ ನಡುವೆ ಚರ್ಮ ಗಾಯವಾಗಿ ರಕ್ತ ಹೆಪ್ಪುಗಟ್ಟಿತ್ತು. ಸೆದಾಲೆಗೆ ಅತ್ತೆಯ ಮೇಲೆ ಇನ್ನು ಬಾಕಿ ಏನೂ ಇಲ್ಲ ಎನ್ನಿಸಿತು. ಎಣ್ಣೆ ತಂದು ಹಚ್ಚಿದಳು.

ಅಷ್ಟರಲ್ಲಿ ಬಿಜು ಅಣ್ಣನನ್ನು ಗಾಡಿ ಹತ್ತಿಸಿಕೊಂಡು ಹೊರಟಿದ್ದಳು. ಅವನು ಬಿಟ್ಟುಬಂದಿದ್ದ ಲೂಲುವನ್ನು ಲಾರಿ ನಿಲ್ಲುವ ಕಡೆಯ ಚಹಾದಂಗಡಿಯವಳು ಕಟ್ಟಿಹಾಕಿಕೊಂಡಿದ್ದಳು. ಸಂಜೆಗೆ ನಾಯಿ ಮನೆಗೆ ಬಂತು. ಗಾಡಿಯಿಂದ ಹಾರದಿರಲಿ ಎಂದು ಶೆವಾರೆಗ ಚೀಲದಲ್ಲೇ ಹಾಕಿಕೊಂಡು ಬಂದಿದ್ದ. ರಾಹೆಲ ಓಡಿಹೋಗಿ ಎತ್ತಿಕೊಂಡಳು. "ಇನ್ಮೇಲೆ ಹೊರಗೆ ಅಂಬೆಸನ ಜೊತೆ ಮಲಗ್ಲಿ," ಎಂದಳು ಫಾಂತಾಯೆ, ಯಾರ ಮುಖವನ್ನೂ ನೋಡದೆ.

ಸೆದಾಲೆ ಹಿತ್ತಿಲಲ್ಲಿ ಹುಲ್ಲು ಸುಡುತ್ತಿದ್ದಳು. ಮುಕ್ಕಾಲು ಭಾಗ ಉರಿದಿತ್ತು. ಬೆಂಕಿಯೊಳಗೆ ಚಟಚಟ ಸದ್ದು. ಶೆವಾರೆಗ ಚೀಲ ಹಿಡಿದು ಬಂದು ನಿಂತ.

"ಸಂತೆ ಕಡೇನೂ ಹೋಗಿದ್ಯಾ?" ಅವಳು ಕೇಳಿದಳು.

"ಸಂತೆಗೆ ಯಾಕೆ?"

"ಶುರುಬ."

"ಓ." ಅವನು ಆಕಳಿಸಿದ. "ಬೆಕ್ಕು ಎಲ್ಲಿ ಸಿಗುತ್ತೆ ಇಷ್ಟು ದಿನಕ್ಕೆ? ಹೋದದ್ದು ಹೋಯ್ತು. ಬಿಜು ಅತ್ತಳು ಅಂತ ಇದಕ್ಕೆ ಹೋದೆ. ನೀನೇನು ಅಳಲಿಲ್ಲವಲ್ಲ." ಚೀಲವನ್ನು ಅವಳ ಕಾಲ ಬಳಿ ಹಾಕಿದ. "ಬೆಳಗ್ಗೆ ಗಾಡಿ ಕಟ್ಟೋ ಹೊತ್ತಿಗೆ ತುಂಬಿಟ್ಟಿರು. ಹಲಗೆ ಒತ್ತುತ್ತೆ."

"ಸರಿ."

ಅವನು ಒಳಗೆ ಹೋದ. ಸೆದಾಲೆ ಬೆಂಕಿಯನ್ನು ಕೋಲಿನಿಂದ ಕೆದಕಿದಳು. ಇನ್ನೂ ಬೆಂಕಿಗೆ ಹಾಕದೆ ಪಕ್ಕದಲ್ಲಿ ಉಳಿದಿದ್ದು ಗೂಡಿನ ನಡುಭಾಗದ ಹುಲ್ಲು, ಇನ್ನೂ ಗುಂಡಗೆ ತಗ್ಗಿನ ಆಕಾರದಲ್ಲೇ ಇತ್ತು. ಎರಡು ತೋಳಿಗೆ ಸರಿಯಾಗಿ ಆಗುವಷ್ಟು. ಲಾಯದ ಅಟ್ಟದಲ್ಲಿ ಶುದ್ಧವಾದ ಹುಲ್ಲೂ ಬೇಕಾದಷ್ಟಿತ್ತು. ಅವಳು ಒಂದು ಸಲ ಅಟ್ಟದ ಕಡೆ ನೋಡಿದಳು.

ಆಮೇಲೆ ತೋಳಿಗೆಲ್ಲ ಸೋಪು ಹಚ್ಚಿಕೊಂಡಳು. ಚೀಲದ ಬಾಯಿ ಅಗಲಿಸಿದಳು. ಉಳಿದ ಆ ಗೂಡಿನ ಹುಲ್ಲನ್ನು ಗಂಟಲವರೆಗೆ ಒತ್ತಿ ಒತ್ತಿ ತುಂಬಿ, ದಬ್ಬಳಕ್ಕೆ ದಾರ ಪೋಣಿಸಿ, ಗಂಡನಿಗೆ ಹಲಗೆ ಒತ್ತದಂತೆ, ಒತ್ತೊತ್ತಾಗಿ ಹೊಲಿಗೆ ಹಾಕತೊಡಗಿದಳು. ಒಳಗಿನಿಂದ ರಾಹೆಲ ಏನು ಮಾಡ್ತಿದ್ದೀಯಮ್ಮ ಎಂದು ಕೂಗಿದಾಗ, "ಏನಿಲ್ಲ ಮಗಾ, ನಿಮ್ಮಪ್ಪನ ಚೀಲ," ಎಂದಳು.